ಅಂಕಣ್ಣನ ಮನೆಯ ಮೂಗುಬೊಟ್ಟು

ಅಂಕಣ್ಣನಷ್ಟು ಕೆಟ್ಟದಾಗಿ ಒಲೆ ಹಾಕುವವನು ನಮ್ಮೂರಲ್ಲಿ ಇನ್ನೊಬ್ಬನಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೋಗುತ್ತ ಹೋಗುತ್ತ ನಾನು ಅವನನ್ನು ಹೊಗಳಲು ಶುರುಮಾಡುತ್ತೇನೆ, ನಾನು ಹೊಗಳಿದರೆ ಅವನಿಗೇ ಕೇಡು. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅವನು ನಮಗೊಂದು ಒಲೆ ಹಾಕಿಕೊಟ್ಟ. ಅದರ ಹೊಗೆ ಹೊಗೆಗೂಡೊಂದನ್ನು ಬಿಟ್ಟು ಮನೆಯ ಮೂಲೆಮೂಲೆಗೂ ಹೋಗುತ್ತದೆ. ನಾಲ್ಕು ಜನರ ಮುಂದೆ ನಾನು ಅದನ್ನು ಅಂದೆ. “ಒಲೆ ಸರಿಯಾಗೇ ಐತೆ. ಹಸಿ ಬೆರಣಿ ತುರುಕೋ ಕೈಗೆ ಮೊದ್ಲು ಬುದ್ಧಿ ಹೇಳು” ಎಂದು ಅವನು ಅದೇ ನಾಲ್ಕು ಜನರ ಮುಂದೆ ಅಂದ. ಅಂದಿನಿಂದ ನಮ್ಮದೂ ಅವನದೂ ಹಗೆಮನೆಗಳಾದವು. ಬಂದ ವರ್ಷವೇ ಒಳ್ಳೆಯ ಜಗಳ ತಂದ ಸೊಸೆ ಎಂದು ನನ್ನ ಮಾವ ಊರೆಲ್ಲ ಹೇಳಿಕೊಂಡು ಬಂದರು.

ನಮ್ಮೂರಿರುವುದು ಮರಗಳು ಸೋತು ನಿಂತ ಎತ್ತರದಲ್ಲಿ. ಅಲ್ಲಿಂದ ಮೇಲೆ ಹುಲ್ಲು, ಕಲ್ಲು, ಹಿಮ, ಅಷ್ಟೆ. ಆ ಹುಲ್ಲಿನಲ್ಲಿ ಮೂಗುಬೊಟ್ಟಿನ ಗಿಡ ಬೆಳೆಯುತ್ತದೆ. ಬೇರೆಲ್ಲೂ ಇಲ್ಲವಂತೆ. ಕೆಳಗಿನ ಊರುಗಳಿಗೆ ಒಯ್ದು ನೆಟ್ಟವರಿದ್ದಾರೆ, ಗಿಡ ಅಲ್ಲಿ ಒಂದು ಬೇಸಿಗೆಯನ್ನೂ ತಡೆಯಲಿಲ್ಲ. ಕಣ್ಣಿಗೆ ಬೀಳುವಂಥ ಗಿಡವೇನಲ್ಲ ಅದು. ಎಲೆ ಹುಲ್ಲಿನಂಥದೇ, ಸಪೂರ. ನಡುವಿನಿಂದ ಗೇಣುದ್ದವೂ ಇಲ್ಲದ ಒಂದು ಕಡ್ಡಿ ಏಳುತ್ತದೆ, ಅದರ ತುದಿಗೆ ಪುಟ್ಟ ಹೂಗಳು ಒತ್ತಾಗಿ ತೆನೆಗಟ್ಟಿ ಕೂರುತ್ತವೆ. ಬಣ್ಣ ಹಣ್ಣಾದ ನೇರಳೆಯದು. ತೆನೆ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಕೆಳಗಿನ ಹೂ ಹಳತಾದರೂ ನೆತ್ತಿಯ ಮೊಗ್ಗು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಮೊಗ್ಗಿನಲ್ಲಿರುವಾಗ ತುಟಿಯಂಥ ಅಗಲದ ಎಸಳು ಮೇಲ್ಗಡೆ ಇರುತ್ತದೆ. ಅರಳುವ ಮುಂಚೆ ಹೂವಿನ ತೊಟ್ಟು ತಾನಾಗಿಯೇ ಅರ್ಧ ಸುತ್ತು ತಿರುಚಿಕೊಂಡು ಆ ತುಟಿಯನ್ನು ಕೆಳಗೆ ತಂದು ಹೊಸಿಲಿನ ಹಾಗೆ ಇಡುತ್ತದೆ. ಬಿಸಿಲೇರಿದಾಗ ಬೆಲ್ಲ ಕಾಯಿಸುವ ಮನೆಯ ವಾಸನೆ ಬರುತ್ತದೆ. ವಾಸನೆ ಮಾತ್ರ, ಒಳಗೆ ಒಂದು ಹನಿ ಜೇನಿಲ್ಲ. ಮೋಸಗಾತಿ ಹೂ.

ಮಣ್ಣಿನ ಕೆಳಗೆ ಎರಡು ಗೆಡ್ಡೆ, ಒಂದರ ಪಕ್ಕ ಒಂದು. ಒಂದು ಹೋದ ವರ್ಷದ್ದು, ಸುಕ್ಕು ಬಿದ್ದದ್ದು. ಇನ್ನೊಂದು ಬರುವ ವರ್ಷಕ್ಕೆಂದು ತುಂಬಿಕೊಳ್ಳುತ್ತಿರುವುದು. ನಾವು ಅವನ್ನು ಅತ್ತೆ-ಸೊಸೆ ಅನ್ನುತ್ತೇವೆ. ಅತ್ತೆ ಬೇಸಿಗೆಯುದ್ದಕ್ಕೂ ಸೊರಗಿ ಸೊರಗಿ ಸೊಸೆಯನ್ನು ತುಂಬುತ್ತಾಳೆ. ಇಂಥ ಅತ್ತೆಯನ್ನು ನಾನು ಗಿಡಗಳಲ್ಲಿ ಮಾತ್ರ ನೋಡಿದ್ದೇನೆ.

ಬೇರೆ ಹೂಗಳ ಹಾಗೆ ಇದರ ಪರಾಗ ಪುಡಿಯಾಗಿ ಉದುರುವುದಿಲ್ಲ. ಎರಡು ಪುಟ್ಟ ಉಂಡೆಗಳಾಗಿರುತ್ತದೆ. ಒಂದೊಂದಕ್ಕೂ ಒಂದು ಕಾಲು, ಕಾಲಿನ ಬುಡದಲ್ಲಿ ಅಂಟು. ನಮ್ಮ ಎತ್ತರಕ್ಕೆ ಜೇನುಹುಳ ಹಾರಿಬರುವುದಿಲ್ಲ, ಹಾಗಾಗಿ ಅದರ ಕೆಲಸ ನಮ್ಮ ಮೂಗಿಗೆ ಬಿದ್ದಿದೆ. ಮಂಡಿಯೂರಿ, ನೆಲದ ತನಕ ಬಾಗಿ, ಹೂವಿಗೆ ಮೂಗು ಮುಟ್ಟಿಸಿ ಎದ್ದರೆ ಮೂಗಿನ ಮೇಲೆ ಹಳದಿ ಉಂಡೆ ಕೂತಿರುತ್ತದೆ, ಮೂಗುಬೊಟ್ಟು ಇಟ್ಟ ಹಾಗೆ. ಗಂಡಸರಿಗೂ ಆ ದಿನಗಳಲ್ಲಿ ಮೂಗುಬೊಟ್ಟೇ. ಮೊದಲು ಉಂಡೆ ನೆಟ್ಟಗೆ ನಿಂತಿರುತ್ತದೆ. ಸ್ವಲ್ಪ ದೂರ ನಡೆದರೆ ಗಾಳಿಗೆ ಅದರ ಕಾಲು ಒಣಗಿ ಮುಂದಕ್ಕೆ ಬಾಗುತ್ತದೆ. ಬಾಗಿದ ಮೇಲೆಯೇ ಅದು ಇನ್ನೊಂದು ಹೂವಿನ ಒಳಗಿರುವ ಅಂಟು ಜಾಗಕ್ಕೆ ಸರಿಯಾಗಿ ತಾಗುವುದು. ಅವಸರ ಮಾಡಿ ಓಡಿದವರ ಉಂಡೆ ಹೂವಿನ ತಲೆಗೆ ಬಡಿದು ದಂಡವಾಗುತ್ತದೆ.

ನಮ್ಮೂರಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಒಂದು ಮೂಗುಬೊಟ್ಟಿನ ಗಿಡವಿದೆ. ತನ್ನ ಮನೆಯ ಉಂಡೆ ತನ್ನ ಗಿಡಕ್ಕೆ ಆಗುವುದಿಲ್ಲ. ನೆಂಟರ ಮನೆಯದೂ ಆಗುವುದಿಲ್ಲ, ಗೆಳೆಯರ ಮನೆಯದೂ ಆಗುವುದಿಲ್ಲ. ಉಂಡೆ ಹೊತ್ತು ತರುವವರ ಹೊಟ್ಟೆಯೊಳಗೆ ಆ ಮನೆಯವರ ಮೇಲೆ ಸಿಟ್ಟಿದ್ದರೆ ಮಾತ್ರ ಕಾಯಿ ಕಟ್ಟುತ್ತದೆ. ಸಿಟ್ಟು ನಟಿಸಿ ನೋಡಿದವರುಂಟು, ಹೂ ಅದಕ್ಕೆಲ್ಲ ಬಗ್ಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಹೊಸ ಸಂಸಾರ ಹೂಡುವವರಿಗೆ ಪಾತ್ರೆಪಡಗದ ಜೊತೆ ಒಂದು ಜಗಳವನ್ನೂ ಹುಡುಕಿಕೊಡುತ್ತಾರೆ. ಬೇಲಿ ದಾಟಿದ ಆಡಿನ ಜಗಳ, ಮದುವೆಯಲ್ಲಿ ಬಡಿಸಲು ಮರೆತ ಹೋಳಿಗೆಯ ಜಗಳ, ಪಂಚಾಯಿತಿಯಲ್ಲಿ ಹೊಡೆದ ಗೊರಕೆಯ ಜಗಳ. ತೀರಾ ದೊಡ್ಡದಾದರೆ ಮನೆ ಹಾಳು. ತೀರಾ ಚಿಕ್ಕದಾದರೆ ಚಳಿಗಾಲ ಕಳೆಯುವುದರೊಳಗೆ ಆರಿಹೋಗುತ್ತದೆ. ಹೂವಿನ ದಿನಗಳಲ್ಲಿ ಹಗೆಮನೆಯವರು ಮೂಗುಬೊಟ್ಟು ಹೊತ್ತು ಬಂದರೆ ತಡೆಯುವಂತಿಲ್ಲ. ಬೇಲಿಬಾಗಿಲು ತೆಗೆದು, ಅವರು ನಮ್ಮ ಗಿಡಕ್ಕೆ ಬಾಗಿ ಎದ್ದ ಮೇಲೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟು, ಮಾತಿಲ್ಲದೆ ಕಳಿಸಬೇಕು.

ಊರಿನ ನೆತ್ತಿಯ ಮೇಲೆ ಒಂದು ದೊಡ್ಡ ಇಳಿಜಾರಿದೆ. ಅದರ ಮಣ್ಣು, ಮಣ್ಣಿನ ಮೇಲೆ ಕೂರುವ ಹಿಮ ನಮ್ಮ ಮೇಲೆ ಜಾರದ ಹಾಗೆ ಹಿಡಿದಿಟ್ಟಿರುವುದು ಹುಲ್ಲು ಮತ್ತು ಮೂಗುಬೊಟ್ಟಿನ ಬೇರು. ಆದ್ದರಿಂದ ಪ್ರತಿ ಮನೆಯೂ ವರ್ಷಕ್ಕೊಂದು ಕಾಯಿಯನ್ನಾದರೂ ಇಳಿಜಾರಿಗೆ ಕೊಡಬೇಕು. ಒಣಗಿದ ಕಾಯಿ ಬಿರಿದರೆ ಒಳಗೆ ಹಿಟ್ಟಿಗಿಂತ ನಯವಾದ ಬೀಜ, ಉಸಿರಿಗೆ ಹಾರುವಂಥದ್ದು. ಆ ಬೀಜದೊಳಗೆ ತನ್ನದೆಂಬ ಒಂದು ತುತ್ತೂ ಇಲ್ಲ. ಮಣ್ಣಿನಲ್ಲಿ ಬಿಳಿ ಬೂಷ್ಟಿನ ಎಳೆ ಸಿಕ್ಕಿ, ಅದು ಉಣಿಸಿದರೆ ಬದುಕು, ಇಲ್ಲದಿದ್ದರೆ ಇಲ್ಲ. ಎಷ್ಟೋ ವರ್ಷ ಒಳಗೇ ಇದ್ದು ಆಮೇಲೆ ಒಂದೇ ಒಂದು ಎಲೆ ಮೇಲೆ ಬರುತ್ತದೆ. ಇಂದು ನಮ್ಮನ್ನು ಕಾಯುತ್ತಿರುವ ಹಳೆಯ ಗಿಡಗಳನ್ನು ಬಿತ್ತಿದವರು ಯಾರೂ ಈಗಿಲ್ಲ. ಅದನ್ನು ನೆನೆದಾಗೆಲ್ಲ ನಾನು ಇಳಿಜಾರಿನ ಕಡೆಗೆ ಕೈಮುಗಿಯುತ್ತೇನೆ. ಕಾಯಿ ಕೊಡದ ಮನೆಯವರು ಆ ಚಳಿಗಾಲ ಅದರ ಕೆಳಗೆ ಮಲಗುವಂತಿಲ್ಲ, ಗಂಟುಮೂಟೆ ಕಟ್ಟಿ ಕೆಳಗಿನ ಊರಿಗೆ ಇಳಿಯಬೇಕು. ಹಾಗೆ ಇಳಿದವರು ಮರಳಿ ಬಂದದ್ದು ನಾನು ಕಂಡಿಲ್ಲ. ನೋಡುವವರಿಲ್ಲದ ಅಂಗಳದ ಗಿಡ ಮರುವರ್ಷಕ್ಕೆ ಉಳಿಯುವುದಿಲ್ಲ, ಗಿಡವಿಲ್ಲದವರಿಗೆ ಊರಿನಲ್ಲಿ ಜಾಗವಿಲ್ಲ.

ಹೋದ ಚಳಿಗಾಲ ನನ್ನ ಮಗಳು ಚೆಲುವಿ ಹೆರಿಗೆಗೆಂದು ನನ್ನ ಮನೆಯಲ್ಲಿದ್ದಳು. ಅಳಿಯ ಕುರಿ ಹೊಡೆದುಕೊಂಡು ಕೆಳಗೆ ಹೋಗಿದ್ದ. ನನ್ನ ಗಂಡ ಎಂದೋ ತೀರಿಕೊಂಡವರು. ಮನೆಯಲ್ಲಿ ನಾವಿಬ್ಬರೇ, ಜೊತೆಗೆ ನನ್ನ ತುಪ್ಪದ ಗಡಿಗೆಗಳು. ತುಪ್ಪ ಕಾಯಿಸುವುದು ನನ್ನ ಕಸುಬು. ಬೆಳಗಿನಿಂದ ಹಿಮ ಸುರಿದು ಬಾಗಿಲ ಅರ್ಧಕ್ಕೆ ಏರಿತ್ತು. ಮಧ್ಯಾಹ್ನ ಚೆಲುವಿಗೆ ನೋವು ಶುರುವಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ, ಮಗು ಅಡ್ಡಲಾಗಿತ್ತು. ಸೂಲಗಿತ್ತಿ ತಿಪ್ಪಜ್ಜಿಯ ಮನೆ ಊರಿನ ಆಚೆ ತುದಿಗೆ, ಅವಳಿಗೆ ಮಂಡಿ ಹಿಡಿದುಕೊಂಡು ಎದ್ದು ನಡೆಯಲಾಗುತ್ತಿರಲಿಲ್ಲ. ಬಾಗಿಲಿಗೆ ಬಂದು ಬಾಯಿಬಿಟ್ಟು ಕೂಗಿದೆ. ಆ ಗಾಳಿಯಲ್ಲಿ ನನ್ನ ಕೂಗು ಕೇಳಿಸುವಷ್ಟು ಹತ್ತಿರವಿದ್ದದ್ದು ಎದುರುಮನೆಯೊಂದೇ, ಅಂಕಣ್ಣನದು.

ಅವನು ಹೊರಗೆ ಬಂದ. ನನ್ನನ್ನು ನೋಡಿದ, ಒಳಗೆ ನರಳುತ್ತಿದ್ದ ಚೆಲುವಿಯ ದನಿ ಕೇಳಿದ, ತಿರುಗಿ ಒಳಗೆ ಹೋದ. ಹಗೆಮನೆಯವನು ಹೋದನಲ್ಲ ಎಂದುಕೊಂಡೆ. ಮರುಗಳಿಗೆ ತನ್ನ ಮುಂಬಾಗಿಲನ್ನೇ ಕೀಲಿನಿಂದ ಕಿತ್ತು, ಅದರ ಬಳೆಗೆ ಹಗ್ಗ ಬಿಗಿದು ಎಳೆದುಕೊಂಡು ಬಂದ. ಅದರ ಮೇಲೆ ತನ್ನ ಮನೆಯ ಕಂಬಳಿಗಳನ್ನೆಲ್ಲ ಹಾಸಿ ಚೆಲುವಿಯನ್ನು ಮಲಗಿಸಿದ. ಕೈಗವಸು ಹಾಕಿಕೊಂಡರೆ ಹಗ್ಗ ಜಾರುತ್ತದೆಂದು ಅದನ್ನು ಕಿತ್ತೆಸೆದು ಬರಿಗೈಯಲ್ಲಿ ಹಿಡಿದ. ಮುಂದೆ ಅವನು, ಹಿಂದೆ ನಾನು. ಅಷ್ಟು ದೂರಕ್ಕೂ ಅವನು ನನ್ನೊಡನೆ ಆಡಿದ್ದು ಒಂದೇ ಮಾತು. “ಸರಿಯಾಗಿ ನೂಕೇ! ಅಷ್ಟು ತುಪ್ಪ ತಿಂದ ಮೈ ಯಾತಕ್ಕೈತೆ?”

ತಿಪ್ಪಜ್ಜಿ ಮಗುವನ್ನು ತಿರುಗಿಸಿದಳು. ಚೆಲುವಿಯೂ ಉಳಿದಳು, ಮಗುವೂ ಉಳಿಯಿತು, ಹೆಣ್ಣುಮಗು. ಅಂಕಣ್ಣನ ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಹಗ್ಗ ಸುತ್ತಿಕೊಂಡಿದ್ದ ಬೆರಳುಗಳು ಕಪ್ಪಾಗಿದ್ದವು, ತಿಪ್ಪಜ್ಜಿಯೇ ಅವನ್ನು ತೆಗೆದಳು. ಅವನ ಬಾಗಿಲು ದಾರಿಯಲ್ಲಿ ಕಲ್ಲಿಗೆ ಬಡಿದು ಸೀಳಿತ್ತು. ಹಿಮ ನಿಲ್ಲುವವರೆಗೆ ಅವನ ಹೆಂಡತಿ ಬೊಮ್ಮಕ್ಕ ಬಾಗಿಲಿನ ಜಾಗಕ್ಕೆ ಕುರಿಚರ್ಮ ಕಟ್ಟಿಕೊಂಡು ಒಲೆಯ ಮುಂದೆ ಕೂತು ಕಳೆದಳು. ಮಗುವನ್ನು ಎದೆಗೆ ಅವುಚಿಕೊಂಡು ನಾನು ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ. ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಋಣಿಯಾಗಿರಲಿಲ್ಲ. ದೇವರಿಗೂ ಇರಲಿಲ್ಲ, ಸುಳ್ಳೇಕೆ ಹೇಳಲಿ.

ಬೇಸಿಗೆ ಬಂತು, ಮೂಗುಬೊಟ್ಟು ಅರಳಿತು. ರೂಢಿಯಂತೆ ಅಂಕಣ್ಣ ತನ್ನ ಹೂವಿಗೆ ಮೂಗು ಮುಟ್ಟಿಸಿ, ಊರು ಸುತ್ತಿ ಬಂದು ನನ್ನ ಗಿಡಕ್ಕೆ ಬಾಗಿದ. ಮರುದಿನ ಬೆಳಿಗ್ಗೆ ಅವನು ಮೂಗು ಮುಟ್ಟಿಸಿದ ಹೂ ಬಾಡಿತ್ತು. ಇದು ಗೊತ್ತಿಲ್ಲದವರಿಗೆ ಹೇಳಬೇಕು: ಈ ಹೂ ಕಾಯಿ ಕಟ್ಟಿದ ಕೂಡಲೇ ಬಾಡಿ ಬಣ್ಣಗೆಡುತ್ತದೆ. ಕಾಯಿ ಕಟ್ಟದಿದ್ದರೆ ದಿನಗಟ್ಟಲೆ ನಳನಳಿಸುತ್ತ ಕಾಯುತ್ತದೆ. ಅಂಗಳದಲ್ಲಿ ಬಾಡಿದ ಹೂ ಕಂಡರೆ ನಮಗೆ ಹಬ್ಬ. ಬಾಡಿದ ಹೂ ನೋಡಿ ನನಗೆ ನಗು ಬಂತು. ಬೆರಳು ಕಳೆದುಕೊಂಡು ನನ್ನ ಮಗಳನ್ನು ಉಳಿಸಿದ ಮನುಷ್ಯ ಒಲೆಯ ಮಾತನ್ನು ಇನ್ನೂ ಮರೆತಿಲ್ಲ!

ನನ್ನ ಸರದಿ ಬಂತು. ಅವನ ಅಂಗಳಕ್ಕೆ ಹೋಗಿ ಬಾಗಿದೆ, ಬೊಮ್ಮಕ್ಕ ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಮರುದಿನ ಅವನ ಹೂ ನಿನ್ನೆಗಿಂತ ಚೆಲುವಾಗಿತ್ತು. ಇನ್ನೊಮ್ಮೆ ಹೋದೆ, ಮತ್ತೂ ಹೋದೆ. ಹೂ ಕಮ್ಮನೆ ನಗುತ್ತ ನಿಂತಿತ್ತು. ಆಗ ನನಗೆ ಅರ್ಥವಾಯಿತು. ನನ್ನ ಹೊಟ್ಟೆಯಲ್ಲಿ ಸಿಟ್ಟೇ ಉಳಿದಿರಲಿಲ್ಲ. ನಾನು ಅವನಿಗೆ ಋಣಿಯಾಗಿದ್ದದ್ದೇ ಅವನನ್ನು ಊರು ಬಿಡಿಸಲು ಹೊರಟಿತ್ತು.

ಬೇರೆಯವರು ಬರಬಹುದಿತ್ತು. ಮೊದಲಾಗಿದ್ದರೆ ಅಂಕಣ್ಣನ ಮೇಲೆ ಸಿಟ್ಟಿಲ್ಲದವರನ್ನು ದೀಪ ಹಿಡಿದು ಹುಡುಕಬೇಕಿತ್ತು, ಅಂಥ ಮೊಂಡ ಅವನು. ಈಗ ಊರಿಗೆ ಊರೇ ಅವನನ್ನು ಮೆಚ್ಚಿಕೊಂಡು ಕೂತಿತ್ತು. ಕಾಯಿಗಳ ಲೆಕ್ಕ ನೋಡುವ ಯಜಮಾನ ಕೊಟ್ರಯ್ಯ ಮನೆಮನೆಗೂ ಹೋಗಿ, “ಅಂಕಣ್ಣನ ಮ್ಯಾಗೆ ಒಂದೀಟು ಸಿಟ್ಟು ಇರೋರು ಯಾರನ ಇದೀರಾ?” ಎಂದು ಕೇಳಿದ. ಜನ ತಲೆ ಕೆರೆದುಕೊಂಡರು. ಕೆಲವರು ಹೋಗಿ ಬಾಗಿಯೂ ಬಂದರು. ಪಾಪದ ಮನುಷ್ಯನಿಗೆ ಸಹಾಯ ಮಾಡೋಣವೆಂದು ಬಾಗಿದ ಮೂಗುಗಳು ಅವು, ಯಾವುದೂ ನಾಟಲಿಲ್ಲ.

ನಾನು ಸಿಟ್ಟನ್ನು ಹುಡುಕಿಕೊಂಡು ಹೊರಟೆ. ಒಲೆಗೆ ಬೇಕೆಂದೇ ಹಸಿ ಬೆರಣಿ ಹಾಕಿ ಹೊಗೆಯ ನಡುವೆ ಕೂತೆ, ಕಣ್ಣು ಉರಿಯಿತು, ಸಿಟ್ಟು ಬರಲಿಲ್ಲ. ಅಷ್ಟರಲ್ಲಿ ತೊಟ್ಟಿಲಿನಲ್ಲಿ ಮಗು ಸೀನಿತು, ಅದರ ಸೀನು ಕೇಳಿ ಮತ್ತೆ ಆ ಹಗ್ಗ, ಆ ಕೈ ನೆನಪಾದವು. ಅಂಕಣ್ಣನೂ ಸುಮ್ಮನಿರಲಿಲ್ಲ. ಬೇಲಿಯಾಚೆ ನಿಂತು ನನಗೆ ಸಿಟ್ಟು ಬರಿಸಲು ನೋಡಿದ.

“ನಿನ್ನ ತುಪ್ಪ ಕಮಟು ವಾಸ್ನೆ ಹೊಡೀತೈತೆ ಅಂತ ಎಲ್ರೂ ಅಂತಾರೆ” ಅಂದ.

“ಇರಬೋದು ಅಂಕಣ್ಣೋರೆ. ಬನ್ನಿ, ಬಿಸಿಬಿಸಿ ರೊಟ್ಟಿ ಐತೆ, ತಿಂದ್ಕೊಂಡು ಹೋಗಿ.”

ಅವನು ತಲೆ ಚಚ್ಚಿಕೊಂಡ. “ಅಂಕಣ್ಣೋರೆ ಗಿಂಕಣ್ಣೋರೆ ಅಂದ್ರೆ ನೋಡು! ಇಷ್ಟು ವರ್ಸ ಬಾಯ್ತುಂಬ ಬೈಕಂಡು ಚೆನ್ನಾಗಿದ್ದೆ. ಈಗ ಏನು ಬಂತು ನಿಂಗೆ? ಬೈಯೇ, ನಿಂಗೆ ಕೈ ಮುಗೀತೀನಿ.”

“ಮುಗಿಯೋ ಕೈ ನೋಡಿ ಹೆಂಗೆ ಬೈಲಿ?” ಅಂದೆ.

ಅವನು ಎಡಗೈಯನ್ನು ಕಂಬಳಿಯೊಳಗೆ ಸರಿಸಿಕೊಂಡು ಹೊರಟುಹೋದ. ಅದನ್ನು ಕಂಡು ನನ್ನ ಹೊಟ್ಟೆ ಇನ್ನಷ್ಟು ಕರಗಿತು, ಕೆಲಸ ಇನ್ನಷ್ಟು ಕೆಟ್ಟಿತು.

ಒಂದು ಸಂಜೆ ಕೊಟ್ರಯ್ಯ ಬಂದು ಸುದ್ದಿ ಹೇಳಿದ. ಅಂಕಣ್ಣನ ಹೂ ಕಾಯಿ ಕಟ್ಟದೆ ಮುಗಿದುಹೋಯಿತಂತೆ. ಪಂಚಾಯಿತಿಗೆ ಬಂದು ತಾನೇ ಹೇಳಿದನಂತೆ, ಗಿಡದ ಮೇಲೆ ಬುಟ್ಟಿ ಬೋರಲು ಹಾಕಿದನಂತೆ. ಹೂ ಮುಗಿದ ಮನೆಯವರು ಹಾಗೆ ಬುಟ್ಟಿ ಮುಚ್ಚುವುದು ರೂಢಿ, ಇನ್ನೊಬ್ಬರ ಬುಟ್ಟಿಯನ್ನು ಯಾರೂ ಎತ್ತುವುದಿಲ್ಲ. ಹಿಮ ಬೀಳುವ ಮುಂಚೆ ಗಂಡಹೆಂಡತಿ ಇಳಿದುಹೋಗುತ್ತಾರೆ ಎಂದು ಹೇಳಿ ಕೊಟ್ರಯ್ಯ ನನ್ನ ಮುಖ ನೋಡದೆ ಹೋದ. ಚೆಲುವಿ ಅಂದು ಊಟ ಮಾಡಲಿಲ್ಲ. “ನನ್ನಿಂದಲೇ ಅಲ್ವೇನವ್ವಾ” ಎಂದು ಮತ್ತೆ ಮತ್ತೆ ಕೇಳಿದಳು. “ನಿನ್ನಿಂದ ಅಲ್ಲ, ನನ್ನಿಂದ” ಅಂದೆ. ಅದು ನಿಜವೂ ಆಗಿತ್ತು.

ಮರುದಿನ ಬಿಸಿಲೇರಿದ ಮೇಲೆ ಒಂದು ಗಡಿಗೆ ತುಪ್ಪ ಹಿಡಿದುಕೊಂಡು ಅವನ ಮನೆಗೆ ಹೋದೆ. ದಾರಿಗೆ ಇರಲಿ ಎಂದು ಕೊಡುವುದು, ಕಾಲಿಗೆ ಬಿದ್ದು ಬರುವುದು, ಇನ್ನೇನೂ ನನ್ನ ಕೈಲಿರಲಿಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ. ಒಳಗೆ ಸಾಮಾನು ಕಟ್ಟುವ ಸದ್ದಾಗುತ್ತಿತ್ತು. ಬುಟ್ಟಿಯ ಪಕ್ಕ ಹಾದುಹೋಗುವಾಗ ನಿಂತೆ. ಬೆಲ್ಲ ಕಾಯಿಸುವ ವಾಸನೆ ಬರುತ್ತಿತ್ತು.

ಮುಗಿದ ಹೂವಿಗೆ ವಾಸನೆ ಎಲ್ಲಿಂದ ಬರಬೇಕು? ಗಡಿಗೆ ಕೆಳಗಿಟ್ಟು ಬುಟ್ಟಿ ಎತ್ತಿದೆ. ತೆನೆಯ ಕೆಳಗಿನ ಹೂಗಳು ಒಣಗಿ ಉದುರಿದ್ದವು, ಅದು ನಿಜ. ನೆತ್ತಿಯ ಮೇಲೆ ಒಂದು ಹೂ ಆಗತಾನೇ ಅರಳಿತ್ತು. ಅದರ ತುಟಿ ಹೊಸದಾಗಿ ಕೆಳಗೆ ತಿರುಗಿ, ಬಾ ಅನ್ನುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಮೊಗ್ಗು ಅರ್ಧ ಸುತ್ತು ಸುತ್ತಿಕೊಂಡು ನಿಂತಿತ್ತು. ಜೀವಂತ ಗಿಡದ ಮೇಲೆ ಅವನು ಬುಟ್ಟಿ ಮುಚ್ಚಿದ್ದ. ನಾಲ್ಕು ಜನರ ಮುಂದೆ ಸುಳ್ಳು ಹೇಳಿದ್ದ.

ಏಕೆಂದು ನನಗೆ ಹೊಳೆಯಲು ಹೊತ್ತು ಬೇಕಾಗಲಿಲ್ಲ. ಆ ಹೂ ಇರುವವರೆಗೆ ನಾನು ದಿನವೂ ಬಂದು ಬಾಗುತ್ತೇನೆ, ದಿನವೂ ಸೋತು ಹೋಗುತ್ತೇನೆ, ಆಮೇಲೆ ಬದುಕಿರುವಷ್ಟು ದಿನ ನನ್ನಿಂದಲೇ ಆಯಿತೆಂದು ಕೊರಗುತ್ತೇನೆ. ಅದು ಬೇಡವೆಂದು ಹೂ ತಾನಾಗಿ ಮುಗಿಯಿತೆಂದು ಹೇಳಿ ಸದ್ದಿಲ್ಲದೆ ಇಳಿದುಹೋಗಲು ಹೊರಟಿದ್ದ. ನನ್ನ ಮನೆಗೆ ಕಾಯಿ ಕೊಟ್ಟು, ನನ್ನ ಮೊಮ್ಮಗಳಿಗೆ ಜೀವ ಕೊಟ್ಟು, ಬೆರಳು ಕೊಟ್ಟು, ಬಾಗಿಲು ಕೊಟ್ಟು, ಕೊನೆಗೆ ಊರನ್ನೂ ಕೊಟ್ಟು ಹೋಗಲು ಹೊರಟಿದ್ದ. ನನಗೆ ತೀರಿಸಲು ಒಂದು ಕಡ್ಡಿಯನ್ನೂ ಬಿಡದೆ! ನನ್ನ ಕೈಲಾಗುವುದಿಲ್ಲವೆಂದು ತಾನೇ ತೀರ್ಮಾನ ಮಾಡಿ!

ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಅಯ್ಯೋ, ಎಷ್ಟು ದಿನವಾಗಿತ್ತು ಆ ಉರಿ ಕಂಡು!

“ಏ ಅಂಕಾ!” ಎಂದು ಕೂಗಿದೆ. “ಹೊರಗೆ ಬಾರೋ ಸುಳ್ಳ!”

ಅವನು ಕೈಯಲ್ಲಿ ಹಗ್ಗ ಹಿಡಿದುಕೊಂಡು ಹೊಸಿಲಿಗೆ ಬಂದ. ಎತ್ತಿದ ಬುಟ್ಟಿ ನೋಡಿ ಅವನ ಮುಖ ಸಪ್ಪಗಾಯಿತು. “ಹಂಗಲ್ಲ ದೇವೀರಿ, ನಾನು ಏನಂದ್ಕೊಂಡೆ ಅಂದ್ರೆ...”

“ಬಾಯಿ ಮುಚ್ಚು! ನೀನು ಬಾಯಿ ಬಿಟ್ರೆ ಒಳ್ಳೇ ಮಾತೇ ಆಡ್ತೀಯ, ನಂಗದು ಬ್ಯಾಡ. ದೊಡ್ಡ ಮನುಷ್ಯ ಇವ್ನು! ಎಲ್ಲಾ ಕೊಟ್ಟು ಹೋಗೋಕೆ ಇವ್ನು, ಕೈಯೊಡ್ಡಿ ಈಸ್ಕಳೋಕೆ ನಾನು. ನಾನೇನು ಭಿಕ್ಸುಕಿನಾ? ಇಲ್ಲೇ ನಿಂತಿರು. ಹೊಸಿಲು ದಾಟಿದ್ಯೋ, ಉಳಿದಿರೋ ಬೆರಳು ನಾನೇ ಮುರೀತೀನಿ!”

ಗಡಿಗೆಯನ್ನು ಅಲ್ಲೇ ಬಿಟ್ಟು ನನ್ನ ಅಂಗಳಕ್ಕೆ ಓಡಿದೆ. ನನ್ನ ಗಿಡದ ತೆನೆಯ ತುದಿಯಲ್ಲೂ ಕಡೆಯ ಹೂವೊಂದು ಉಳಿದಿತ್ತು. ಬಾಗಿ ಮೂಗು ಮುಟ್ಟಿಸಿದೆ, ಉಂಡೆ ಕೂತಿತು. ಎದುರುಮನೆಗೆ ನೇರ ದಾಟಿ ಹೋಗುವಂತಿಲ್ಲ, ಅಷ್ಟರಲ್ಲಿ ಉಂಡೆ ಬಾಗಿರುವುದಿಲ್ಲ. ಊರು ಸುತ್ತಿ ಬರಲೇಬೇಕು, ಅದೂ ನಿಧಾನವಾಗಿ. ಹಾಲು ಉಕ್ಕುವಾಗ ಒಲೆ ಆರಿಸದೆ, ಹಾಲೂ ಚೆಲ್ಲದ ಹಾಗೆ ಹೊತ್ತು ನಡೆಯುವಂಥ ಕೆಲಸ. ಒಂದೊಂದು ಹೆಜ್ಜೆಗೂ ಸಿಟ್ಟಿಗೆ ಉರುವಲು ಹಾಕುತ್ತ ನಡೆದೆ. ಸುಳ್ಳ, ಮೊಂಡ, ತನಗೆ ತಾನೇ ದೇವರು. ಬಾವಿಯ ಹತ್ತಿರ ಹೆಂಗಸರು, “ಎಲ್ಲಿಗೆ ದೇವೀರಕ್ಕ? ಮಗು ಹೆಂಗೈತೆ?” ಎಂದು ಅಕ್ಕರೆಯಿಂದ ಕೇಳಿದರು. “ನನ್ನ ಮಾತಾಡಿಸಬ್ಯಾಡ್ರೇ!” ಎಂದು ಗದರಿದೆ. ಮಗುವಿನ ಮಾತು ಕಿವಿಗೆ ಬಿದ್ದರೆ ಮನಸ್ಸು ಮೆತ್ತಗಾಗುತ್ತಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ಕೂತಿದ್ದ ಕೊಟ್ರಯ್ಯ ನನ್ನ ಮೂಗು ನೋಡಿ, ಮುಖ ನೋಡಿ, ಎದ್ದು ನಿಂತ. ಏನನ್ನೂ ಕೇಳದೆ ಹಿಂದೆ ಹಿಂದೆ ಬಂದ. ಬಾವಿಯ ಹೆಂಗಸರೂ ಕೊಡ ಬಿಟ್ಟು ಬಂದರು. ನಾನು ಹಿಂತಿರುಗಿ ನೋಡಲಿಲ್ಲ. ತಿಪ್ಪಜ್ಜಿಯ ಮನೆಯ ಮುಂದೆ ಮಾತ್ರ ಕಣ್ಣು ಮುಚ್ಚಿಕೊಂಡು ನಡೆದೆ. ಅವನು ಬೆರಳು ಕಳೆದುಕೊಂಡ ಆ ಜಗಲಿ ಕಂಡಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅಂಕಣ್ಣನ ಬೇಲಿಬಾಗಿಲನ್ನು ಬೊಮ್ಮಕ್ಕ ತೆಗೆದು ನಿಂತಿದ್ದಳು. ಅವಳ ಕೈಯಲ್ಲಿ ಮಜ್ಜಿಗೆ ಬಟ್ಟಲು ಆಗಲೇ ಸಿದ್ಧವಿತ್ತು. ಅಂಕಣ್ಣ ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ, ಹೊಸಿಲು ದಾಟಿರಲಿಲ್ಲ. ನಾನು ಮಂಡಿಯೂರಿದೆ. ಮೂಗಿನ ತುದಿ ಕಣ್ಣಿಗೆ ಮಸುಕಾಗಿ ಕಾಣುತ್ತಿತ್ತು, ಉಂಡೆ ಮುಂದಕ್ಕೆ ಬಾಗಿತ್ತು. ನೆಲದವರೆಗೆ ತಲೆ ತಗ್ಗಿಸಿ, ಹಲ್ಲು ಕಚ್ಚಿ, “ನಿನ್ನ ಮನೆ ಕಾಯ್ವಾಗ” ಎಂದು ಗೊಣಗಿ ಆ ಹೂವಿಗೆ ಮೂಗು ಒತ್ತಿದೆ.

ಎದ್ದು ಮಜ್ಜಿಗೆ ಕುಡಿದು, ಯಾರ ಮುಖವನ್ನೂ ನೋಡದೆ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅಷ್ಟರಲ್ಲಿ ಸಿಟ್ಟು ಇಳಿಯತೊಡಗಿತ್ತು, ಅದರ ಜಾಗಕ್ಕೆ ಹೆದರಿಕೆ ಏರತೊಡಗಿತ್ತು. ಬಾಗಿದ ಗಳಿಗೆಯಲ್ಲಿ ಸಿಟ್ಟು ಇತ್ತೇ, ಇರಲಿಲ್ಲವೇ? ತಲೆ ನೆಲಕ್ಕೆ ಹೋದಾಗ ಅವನ ಪಾದ ಕಂಡಿತ್ತು. ಆ ಪಾದ ಕಂಡು ಒಳಗೆ ಏನೋ ಹನಿಯಿತೋ ಏನೋ. ಸಿಟ್ಟೂ ಋಣವೂ ಒಂದರೊಳಗೊಂದು ಹೆಣೆದುಕೊಂಡು, ಯಾವುದು ಯಾವುದೆಂದು ನನಗೇ ಬಿಡಿಸಲಾಗಲಿಲ್ಲ. ಹೂ ಹೇಗೆ ಬಿಡಿಸೀತು? ಚೆಲುವಿ ಮಗುವನ್ನು ತಂದು ನನ್ನ ಮಡಿಲಲ್ಲಿಟ್ಟಳು.

ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಎದುರುಮನೆಯ ಕಡೆ ನೋಡಬಾರದೆಂದು ಪೊರಕೆಯನ್ನೇ ನೋಡುತ್ತಿದ್ದೆ. ಅಂಕಣ್ಣ ತನ್ನ ಗಿಡದ ಹತ್ತಿರ ಬಂದು ಕೂತ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

“ಬಾಡಿತು!” ಎಂದು ಅವನು ಕಿರುಚಿದ. “ಬೊಮ್ಮೀ, ಬಾರೇ, ಬಾಡಿತು! ಕೊಟ್ರಯ್ಯಾ, ಬಾಡಿತು ಕಣೋ!” ಬೀದಿಯ ಬಾಗಿಲುಗಳೆಲ್ಲ ತೆರೆದವು. ಜನ ಓಡಿಬಂದರು. ಬೊಮ್ಮಕ್ಕ ಕಟ್ಟಿದ್ದ ಗಂಟುಗಳನ್ನು ಅಂಗಳಕ್ಕೆ ತಂದು ಬಿಚ್ಚಿ ಚೆಲ್ಲಾಡಿದಳು. ಆ ಗದ್ದಲದ ನಡುವೆ ಅವನು ಬೇಲಿಯ ಹತ್ತಿರಕ್ಕೆ ಬಂದು ನಿಂತ.

“ಏ ದೇವೀರೀ, ಬಾಡಿತು ಕಣೇ! ಹಾಳಾದೋಳೇ, ಕೇಳಿಸ್ತಾ?”

ಕೇಳಿಸಿತ್ತು. ಅವನಿಗೆ ಹೇಳಬೇಕಾದದ್ದು ಬಾಯಿಯವರೆಗೆ ಬಂದಿತ್ತು. ಅದನ್ನು ಆಡಿದರೆ ಬರುವ ವರ್ಷ ಮತ್ತೆ ಎಲ್ಲಿಂದ ತರಲಿ ಸಿಟ್ಟು? ಹಗೆಮನೆಯವಳು ನಿಲ್ಲಬೇಕಾದ ಹಾಗೆ ಅವನಿಗೆ ಬೆನ್ನು ತಿರುಗಿಸಿ ನಿಂತೆ. ನನ್ನ ಅಳು ನಿಲ್ಲುವವರೆಗೂ ಹಾಗೆಯೇ ನಿಂತಿದ್ದೆ.